ಉಪವಾಸದಿಂದ ಬೆಣ್ಣೆಗೆ: ಮರೆತುಹೋಗಿದ್ದ ಒಂದು ಮದ್ದು

ಮಗುವಿಗೆ ಫಿಟ್ಸ್ ಬಂತೆಂದರೆ ಕೈಗೆ ಕಬ್ಬಿಣದ ಬೀಗದ ಕೈ ತುರುಕುವವರು, ಮೂಗಿಗೆ ಈರುಳ್ಳಿ ಹಿಡಿಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಬಹುಪಾಲು ಫಿಟ್ಸ್ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಕೀರ್ತಿ ಮಾತ್ರ ಬೀಗದ ಕೈಗೆ! ಹಾಗೆಂದು ಹಳೆಯ ನಂಬಿಕೆಗಳೆಲ್ಲ ಹುಸಿಯಲ್ಲ. ಉಪವಾಸದಿಂದ ಮೂರ್ಛೆರೋಗ ತಗ್ಗುತ್ತದೆಂಬ, ಪ್ರಾಚೀನ ಗ್ರೀಕ್ ವೈದ್ಯರ ಕಾಲದ ತಿಳಿವಳಿಕೆಯಲ್ಲಿ ಸತ್ಯಾಂಶವಿತ್ತು. ಇಪ್ಪತ್ತನೆಯ ಶತಮಾನ ಅದನ್ನು ಕಂಡುಕೊಂಡಿತು; ಬಳಿಕ ಹೆಚ್ಚುಕಡಿಮೆ ಮರೆತೂಬಿಟ್ಟಿತು.

1857ರಿಂದ ಬಳಕೆಗೆ ಬಂದ ಬ್ರೋಮೈಡ್ ಆಗ ಮುಖ್ಯ ಔಷಧಿ. ಅದು ಫಿಟ್ಸ್ ತಗ್ಗಿಸುತ್ತಿತ್ತು, ಜೊತೆಗೆ ರೋಗಿಯನ್ನು ಮಂಕಾಗಿಸುತ್ತಿತ್ತು. 1911ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಉಪವಾಸದಿಂದ ಗುಣ ಕಂಡುಬಂದಿತೆಂದು ವರದಿ ಮಾಡಿದರು. ಆದರೆ ಬೆಳೆಯುವ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲಾದೀತು?

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್. ಅನ್ನವಿಲ್ಲದಾಗ ದೇಹ ಕೊಬ್ಬನ್ನು ಕರಗಿಸುತ್ತದೆ. ಅದರಿಂದ ಯಕೃತ್ತು ತಯಾರಿಸುವ ಕೀಟೋನುಗಳೇ ಮಿದುಳಿಗೆ ಆಹಾರವಾಗುತ್ತವೆ. ಜಿಡ್ಡು ತುಂಬ ಹೆಚ್ಚು, ಪಿಷ್ಟ ಮತ್ತು ಸಕ್ಕರೆ ತೀರ ಕಡಿಮೆ ಇರುವ ಊಟ ಕೊಟ್ಟರೆ, ಉಣ್ಣುತ್ತಲೇ ಉಪವಾಸದ ಫಲ ದೊರೆಯಬಹುದೆಂದು 1921ರಲ್ಲಿ ಅವರು ಸೂಚಿಸಿದರು. ಅದೇ 'ಕೀಟೋಜೆನಿಕ್ ಆಹಾರ'. ಪ್ರತಿ ತುತ್ತನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಬಡಿಸಬೇಕಾದ ಊಟ. ಅನೇಕ ಮಕ್ಕಳಿಗೆ ಗುಣವಾಯಿತು.

1938ರಲ್ಲಿ ಫೆನಿಟಾಯಿನ್ ಬಂದಿತು. ತಕ್ಕಡಿ ಹಿಡಿದು ಅಡುಗೆ ಮಾಡುವುದಕ್ಕಿಂತ ಮಾತ್ರೆ ನುಂಗಿಸುವುದು ಸುಲಭವಲ್ಲವೇ? ಹೊಸ ಔಷಧಿಗಳು ಬಂದಂತೆಲ್ಲ ಆಹಾರಚಿಕಿತ್ಸೆ ಮೂಲೆ ಸೇರಿತು. ಮಾತ್ರೆಗೆ ಬಗ್ಗದ ಮಕ್ಕಳ ಪಾಡು ಹಾಗೆಯೇ ಉಳಿಯಿತು.

ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬ ತಂದೆಯ ಪಾತ್ರ ದೊಡ್ಡದು. ಹಾಲಿವುಡ್ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಪುಟ್ಟ ಮಗನಿಗೆ ಹಲವು ಔಷಧಿ, ಶಸ್ತ್ರಚಿಕಿತ್ಸೆ ಯಾವುದೂ ಫಲಿಸಲಿಲ್ಲ. ತಂದೆಯೇ ಗ್ರಂಥಾಲಯದಲ್ಲಿ ಹುಡುಕಿ ಈ ಆಹಾರದ ವಿಷಯ ತಿಳಿದರು. 1993ರಲ್ಲಿ, ಆ ಪದ್ಧತಿಯನ್ನು ಉಳಿಸಿಕೊಂಡು ಬಂದಿದ್ದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಮಗನನ್ನು ಕರೆದೊಯ್ದರು. ಫಿಟ್ಸ್ ನಿಂತಿತು. ಈ ವಸ್ತುವನ್ನೇ ಇಟ್ಟುಕೊಂಡು 1997ರಲ್ಲಿ ಅವರು ಚಿತ್ರ ತೆಗೆದರು. ಮೆರಿಲ್ ಸ್ಟ್ರೀಪ್ ತಾಯಿಯಾಗಿ ನಟಿಸಿದರು.

ಒಬ್ಬ ಹುಡುಗನ ಕಥೆ ಪುರಾವೆಯಾಗದು. ಔಷಧಿಗೆ ಬಗ್ಗದ 145 ಮಕ್ಕಳ ಮೇಲೆ ಲಂಡನ್ನಿನಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದದ್ದು ಈ ಆಹಾರ ಪಡೆದ ಗುಂಪಿನಲ್ಲಿ ಶೇಕಡಾ 38 ಮಕ್ಕಳಿಗೆ; ಪಡೆಯದವರಲ್ಲಿ ಕೇವಲ ಶೇಕಡಾ 6.

ಇಂದಿಗೂ ಬಹುಪಾಲು ಮಕ್ಕಳಿಗೆ ಮಾತ್ರೆಯೇ ಮೊದಲ ಮದ್ದು. ಅದು ಸಾಕಾಗುತ್ತದೆ ಕೂಡ. ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆಯುಂಟು. ಈ ಆಹಾರದಿಂದ ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆಯ ಕುಂಠಿತ ಆಗಬಹುದಾದ್ದರಿಂದ ವೈದ್ಯರ ಕಣ್ಗಾವಲಿಲ್ಲದೆ ಮನೆಯಲ್ಲಿ ಪ್ರಯೋಗಿಸುವಂತಿಲ್ಲ. ಆದರೆ ಎರಡು ಔಷಧಿ ಸೋತ ಮೇಲೂ ಕೈಚೆಲ್ಲಬೇಕಾಗಿಲ್ಲ. ಇನ್ನೇನು ದಾರಿಯಿದೆ ಎಂದು ನರರೋಗ ತಜ್ಞರನ್ನು ಕೇಳುವ ಹಕ್ಕು ತಂದೆತಾಯಿಗಳಿಗಿದೆ. ಆ ಮದ್ದು ಮರಳಿ ಬಂದದ್ದೂ ಹಾಗೆ ಕೇಳಿದವರಿಂದಲೇ.