ಮಂಗಳೂರಿನಲ್ಲಿ ದ್ವಿತೀಯ ಪಿಯುಸಿ ಗಣಿತ ಪರೀಕ್ಷಾ ಸಿದ್ಧತೆ

ದ್ವಿತೀಯ ಪಿಯುಸಿ ಗಣಿತವು ಕರ್ನಾಟಕದ ಪದವಿಪೂರ್ವ ಶಿಕ್ಷಣದ ಎರಡನೆಯ ವರ್ಷದಲ್ಲಿ, ಅಂದರೆ ಹನ್ನೆರಡನೆಯ ತರಗತಿಯಲ್ಲಿ, ಬೋಧಿಸಲಾಗುವ ಐಚ್ಛಿಕ ವಿಷಯಗಳಲ್ಲಿ ಒಂದು. ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರವಾದ ಮಂಗಳೂರು ನಗರದಲ್ಲಿ ಈ ವಿಷಯದ ಪರೀಕ್ಷಾ ಸಿದ್ಧತೆಯು ಕಾಲೇಜಿನ ತರಗತಿ, ಖಾಸಗಿ ಪಾಠ, ಮಾದರಿ ಪ್ರಶ್ನೆಪತ್ರಿಕೆ ಹಾಗೂ ಸಹಪಾಠಿಗಳ ಗುಂಪು ಅಧ್ಯಯನಗಳ ಮೂಲಕ ನಡೆಯುತ್ತದೆ. ಇಂಜಿನಿಯರಿಂಗ್ ಪ್ರವೇಶದ ರ‍್ಯಾಂಕ್ ನಿರ್ಣಯದಲ್ಲಿ ಈ ಪರೀಕ್ಷೆಯ ಅಂಕಗಳನ್ನೂ ಪರಿಗಣಿಸುವುದರಿಂದ ವಿದ್ಯಾರ್ಥಿಗಳಿಗೆ ಇದು ನಿರ್ಣಾಯಕವಾಗಿದೆ.

ಹಿನ್ನೆಲೆ

ಮಂಗಳೂರು ಹತ್ತೊಂಬತ್ತನೆಯ ಶತಮಾನದಿಂದಲೂ ಕರಾವಳಿಯ ಪ್ರಮುಖ ಶಿಕ್ಷಣ ಕೇಂದ್ರವಾಗಿದೆ. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಅಮ್ಮೆಂಬಳ ಸುಬ್ಬರಾವ್ ಪೈಯವರ ಪ್ರಯತ್ನದಿಂದ ಕೆನರಾ ಹೈಸ್ಕೂಲು 1891ರಲ್ಲಿ, ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಸ್ಥಾಪನೆಗೊಂಡವು. ಈ ಶಿಕ್ಷಣ ಸಂಸ್ಥೆಗಳ ಪದವಿಪೂರ್ವ ವಿಭಾಗಗಳೊಂದಿಗೆ ಬಲ್ಮಠದ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜು ಹಾಗೂ ಅನೇಕ ಖಾಸಗಿ ಪದವಿಪೂರ್ವ ಕಾಲೇಜುಗಳು ನಗರದಲ್ಲಿವೆ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ರಾಜ್ಯದ ಮೊದಲೆರಡು ಸ್ಥಾನಗಳನ್ನು ಹಂಚಿಕೊಳ್ಳುತ್ತಾ ಬಂದಿವೆ. 2024ರಲ್ಲಿ ದಕ್ಷಿಣ ಕನ್ನಡ ಶೇ. 97.37 ಫಲಿತಾಂಶದೊಂದಿಗೆ ಪ್ರಥಮ ಸ್ಥಾನ ಪಡೆಯಿತು. 2025ರಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲನೆಯದಾಗಿ, ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯದಾಯಿತು. ಇವು ಎಲ್ಲ ವಿಷಯಗಳನ್ನೂ ಒಳಗೊಂಡ ಒಟ್ಟು ಫಲಿತಾಂಶಗಳು.

ಪಠ್ಯಕ್ರಮ

ವಿಜ್ಞಾನ ವಿಭಾಗದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ (ಎನ್‌ಸಿಇಆರ್‌ಟಿ) ಪಠ್ಯಪುಸ್ತಕಗಳು ಬಳಕೆಯಲ್ಲಿವೆ. ಎರಡನೆಯ ವರ್ಷದ ಗಣಿತದಲ್ಲಿ 13 ಅಧ್ಯಾಯಗಳಿವೆ: ಸಂಬಂಧಗಳು ಮತ್ತು ಫಲನಗಳು, ವಿಲೋಮ ತ್ರಿಕೋನಮಿತಿ, ಮಾತೃಕೆಗಳು, ನಿರ್ಧಾರಕಗಳು, ಅವಿಚ್ಛಿನ್ನತೆ ಮತ್ತು ಅವಕಲನೀಯತೆ, ಅವಕಲನದ ಅನ್ವಯಗಳು, ಅನುಕಲಗಳು, ಅನುಕಲಗಳ ಅನ್ವಯಗಳು, ಅವಕಲ ಸಮೀಕರಣಗಳು, ಸದಿಶ ಬೀಜಗಣಿತ, ಮೂರು ಆಯಾಮಗಳ ರೇಖಾಗಣಿತ, ರೇಖಾತ್ಮಕ ಪ್ರೋಗ್ರಾಮಿಂಗ್ ಮತ್ತು ಸಂಭವನೀಯತೆ.

ಪರೀಕ್ಷೆಯ ಸ್ವರೂಪ

ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ನಡೆಸುತ್ತದೆ. 2023–24ನೆಯ ಸಾಲಿನಿಂದ ಗಣಿತದ 100 ಅಂಕಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೂ 20 ಅಂಕ ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾದವು. ಲಿಖಿತ ಪರೀಕ್ಷೆಯ ಅಂಕ ಹಂಚಿಕೆ ಹೀಗಿದೆ:

• ‘ಎ’ ವಿಭಾಗ: ಒಂದು ಅಂಕದ 20 ಪ್ರಶ್ನೆಗಳು – 20 ಅಂಕ
• ‘ಬಿ’ ವಿಭಾಗ: ಎರಡು ಅಂಕದ ಆರು ಉತ್ತರಗಳು – 12 ಅಂಕ
• ‘ಸಿ’ ವಿಭಾಗ: ಮೂರು ಅಂಕದ ಆರು ಉತ್ತರಗಳು – 18 ಅಂಕ
• ‘ಡಿ’ ವಿಭಾಗ: ಐದು ಅಂಕದ ನಾಲ್ಕು ಉತ್ತರಗಳು – 20 ಅಂಕ
• ‘ಇ’ ವಿಭಾಗ: ಆರು ಮತ್ತು ನಾಲ್ಕು ಅಂಕದ ತಲಾ ಒಂದು ಉತ್ತರ – 10 ಅಂಕ

2024ರಿಂದ ಒಂದೇ ಶೈಕ್ಷಣಿಕ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷಾ ಅವಕಾಶಗಳಿದ್ದು, ಅವುಗಳಲ್ಲಿ ಗಳಿಸಿದ ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಪಿಯುಸಿ ಅಂಕಗಳಿಂದ ಶೇ. 50, ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಅಂಕಗಳಿಂದ ಶೇ. 50 ಪರಿಗಣಿಸಲಾಗುತ್ತದೆ.

ಈ ಎರಡು ಪರೀಕ್ಷೆಗಳು ಬಯಸುವ ಸಿದ್ಧತೆ ಬೇರೆ ಬೇರೆ. ಸಿಇಟಿಯ ಗಣಿತದಲ್ಲಿ 80 ನಿಮಿಷಗಳಲ್ಲಿ 60 ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಅಲ್ಲಿ ವೇಗ ಮುಖ್ಯ. ಪಿಯುಸಿಯ ದೀರ್ಘ ಉತ್ತರಗಳಿಗೆ ಹಂತ ಹಂತವಾಗಿ ಅಂಕ ನೀಡಲಾಗುತ್ತದೆ. ಅಂತಿಮ ಉತ್ತರ ತಪ್ಪಾದರೂ ಸರಿಯಾದ ಹಂತಗಳಿಗೆ ಅಂಕ ದೊರೆಯುತ್ತದೆ. ಹಂತಗಳಿಲ್ಲದೆ ಉತ್ತರವನ್ನಷ್ಟೇ ಬರೆದರೆ ಪೂರ್ಣ ಅಂಕ ಸಿಗುವುದಿಲ್ಲ. ಆದ್ದರಿಂದ ಕೇವಲ ಪ್ರವೇಶ ಪರೀಕ್ಷೆಯ ಕಿರುದಾರಿಗಳನ್ನು ಅಭ್ಯಾಸ ಮಾಡಿದವರು ಪಿಯುಸಿಯಲ್ಲಿ ಅಂಕ ಕಳೆದುಕೊಳ್ಳುವ ಸಾಧ್ಯತೆ ಇರುತ್ತದೆ.

ಭಾಷೆಯ ತೊಡಕು

ಮಂಗಳೂರಿನ ವಿದ್ಯಾರ್ಥಿಗಳ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕನ್ನಡವಾಗಿರುವುದು ಸಾಮಾನ್ಯ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಬೋಧನೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಲೆಕ್ಕ ತಿಳಿದಿದ್ದರೂ ಪ್ರಶ್ನೆಯ ವಾಕ್ಯ ಅರ್ಥವಾಗದಿರುವುದು ಇಂತಹವರ ತೊಂದರೆ. ರೇಖಾತ್ಮಕ ಪ್ರೋಗ್ರಾಮಿಂಗ್ ಮತ್ತು ಸಂಭವನೀಯತೆಯ ವಾಕ್ಯರೂಪದ ಸಮಸ್ಯೆಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಗಣಿತದ ಪ್ರಶ್ನೆಪತ್ರಿಕೆಯು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮುದ್ರಿತವಾಗಿರುತ್ತದೆ. ‘ಮ್ಯಾಟ್ರಿಕ್ಸ್’ ಎಂದರೆ ಮಾತೃಕೆ, ‘ವೆಕ್ಟರ್’ ಎಂದರೆ ಸದಿಶ, ‘ಡಿಟರ್ಮಿನೆಂಟ್’ ಎಂದರೆ ನಿರ್ಧಾರಕ ಎಂಬಂತೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ತಿಳಿದಿರುವುದು ಇಂತಹ ವಿದ್ಯಾರ್ಥಿಗಳಿಗೆ ಸಹಾಯಕ.

ನೆರವಿನ ಮೂಲಗಳು

ಶುಲ್ಕವಿಲ್ಲದೆ ದೊರೆಯುವ ನೆರವಿನಲ್ಲಿ ಉಪನ್ಯಾಸಕರ ಮಾರ್ಗದರ್ಶನ, ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯವಿರುವ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಮತ್ತು ಅದರ ‘ಎಕ್ಸೆಂಪ್ಲರ್’ ಸಮಸ್ಯಾ ಸಂಗ್ರಹ, ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಹಾಗೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಮುಖ್ಯವಾದವು. ಮಾದರಿ ಉತ್ತರಗಳನ್ನು ಓದುವುದರಿಂದ ಯಾವ ಹಂತಕ್ಕೆ ಅಂಕವಿದೆ ಎಂಬುದು ತಿಳಿಯುತ್ತದೆ.

ಖಾಸಗಿ ಪಾಠ ಮತ್ತು ತರಬೇತಿ ಕೇಂದ್ರಗಳು ಇನ್ನೊಂದು ಮೂಲ. ಕೇಂದ್ರ ಶಿಕ್ಷಣ ಸಚಿವಾಲಯವು ಜನವರಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ತರಬೇತಿ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಶಾಲಾ ವೇಳೆಯಲ್ಲಿ ತರಗತಿ ನಡೆಸಬಾರದು ಹಾಗೂ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪಾಠ ಮಾಡಬಾರದು ಎಂದು ಸೂಚಿಸಿದೆ.

ಸಾಮಾನ್ಯ ತಪ್ಪುಗಳು

• ವಿಲೋಮ ತ್ರಿಕೋನಮಿತಿಯಲ್ಲಿ ಪ್ರಧಾನ ಬೆಲೆಯ ವ್ಯಾಪ್ತಿಯನ್ನು ಮರೆಯುವುದು. ಸೈನ್ ವಿಲೋಮದ ಪ್ರಧಾನ ಬೆಲೆ ಋಣ 90 ಡಿಗ್ರಿಯಿಂದ 90 ಡಿಗ್ರಿಯೊಳಗೆ ಇರಬೇಕು. ಹೀಗಾಗಿ 120 ಡಿಗ್ರಿಯ ಸೈನ್ ಬೆಲೆಗೆ ಸೈನ್ ವಿಲೋಮವು 60 ಡಿಗ್ರಿ. 120 ಡಿಗ್ರಿ ಅಲ್ಲ.
• ಮಾತೃಕೆಗಳ ಗುಣಾಕಾರದಲ್ಲಿ ಕ್ರಮ ಬದಲಿಸುವುದು. ಎರಡು ಮಾತೃಕೆಗಳ ಗುಣಲಬ್ಧದ ವಿಲೋಮವನ್ನು ಬರೆಯುವಾಗ ಅವುಗಳ ವಿಲೋಮಗಳ ಕ್ರಮ ಹಿಂದುಮುಂದಾಗಬೇಕು.
• ಅನಿಶ್ಚಿತ ಅನುಕಲದ ಕೊನೆಯಲ್ಲಿ ಅನುಕಲನ ಸ್ಥಿರಾಂಕವನ್ನು ಬಿಟ್ಟುಬಿಡುವುದು.
• ಅವಿಚ್ಛಿನ್ನತೆಯ ಪ್ರಶ್ನೆಯಲ್ಲಿ ಎಡ ಪರಿಮಿತಿ, ಬಲ ಪರಿಮಿತಿ ಮತ್ತು ಆ ಬಿಂದುವಿನಲ್ಲಿ ಫಲನದ ಬೆಲೆ ಈ ಮೂರನ್ನೂ ತೋರಿಸದಿರುವುದು.

ಫಲಿತಾಂಶದ ನಂತರ

ಅಂಕಗಳ ಬಗ್ಗೆ ಸಂದೇಹವಿರುವ ವಿದ್ಯಾರ್ಥಿಗಳು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಪಡೆದು ಪರಿಶೀಲಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಅನುತ್ತೀರ್ಣರಾದವರು ಮುಂದಿನ ವರ್ಷದವರೆಗೆ ಕಾಯದೆ ಅದೇ ವರ್ಷದ ಮುಂದಿನ ಪರೀಕ್ಷೆಗೆ ಹಾಜರಾಗಬಹುದು. ಪರೀಕ್ಷಾ ಒತ್ತಡ ಅಥವಾ ಫಲಿತಾಂಶದ ಆತಂಕದಿಂದ ಬಳಲುವವರಿಗಾಗಿ 2022ರಲ್ಲಿ ಆರಂಭವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಪ್ರಧಾನ ಕೇಂದ್ರವಾಗಿದೆ.