ಪೋರ್ಟ್ ಎಲೆನ್ ಪೀಪಾಯಿಗಳು: ಬೆಲೆಯನ್ನು ಪುರಾವೆಯಾಗಿ ಬಳಸುವ ಬಗ್ಗೆ

ವಿಸ್ಕಿ ಪೀಪಾಯಿಯಲ್ಲಿ ಹಣ ಹೂಡಿದರೆ ಲಾಭ ಖಂಡಿತ ಎನ್ನುವವರು ಮುಚ್ಚಿಹೋದ ಡಿಸ್ಟಿಲರಿಗಳ ಉದಾಹರಣೆ ಕೊಡುವುದುಂಟು. ಪೋರ್ಟ್ ಎಲೆನ್‌ನ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ ಆ ವಾದಕ್ಕೆ ಅದು ಆಧಾರವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ 1825ರಲ್ಲಿ ಆರಂಭವಾದ ಈ ಡಿಸ್ಟಿಲರಿ 1925ರಲ್ಲಿ ಡಿಸ್ಟಿಲರ್ಸ್ ಕಂಪನಿಯ ಕೈಸೇರಿತು. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು. ಮತ್ತೆ ಭಟ್ಟಿ ಹೊತ್ತಿದ್ದು 1967ರಲ್ಲಿ. ಎರಡಿದ್ದ ತಾಮ್ರದ ಹಂಡೆಗಳು ನಾಲ್ಕಾದವು. 1983ರಲ್ಲಿ ಪುನಃ ಬಾಗಿಲು ಮುಚ್ಚಿತು. ಹರಾಜುಗಳಲ್ಲಿ ಇಂದು ಕಾಣಿಸುವ ಹಳೆಯ ಪೋರ್ಟ್ ಎಲೆನ್ ಬಹುಮಟ್ಟಿಗೆ ಈ ಹದಿನಾರು ವರ್ಷಗಳ ಸರಕು.

ಮುಚ್ಚಲು ಕಾರಣ ರುಚಿಯ ಕೊರತೆಯಲ್ಲ. ಎಪ್ಪತ್ತರ ದಶಕದಲ್ಲಿ ಬೇಡಿಕೆಗೂ ಮೀರಿ ವಿಸ್ಕಿ ತಯಾರಾಗಿ ಗೋದಾಮುಗಳಲ್ಲಿ ತುಂಬಿಕೊಂಡಿತ್ತು. ಬ್ರೋರಾ, ಡಲ್ಲಾಸ್ ಡೂ ಮುಂತಾದ ಡಿಸ್ಟಿಲರಿಗಳನ್ನೂ ಕಂಪನಿ ಅದೇ ವರ್ಷ ಮುಚ್ಚಿತು. ಐಲಾದಲ್ಲೇ ಅದಕ್ಕೆ ಲಾಗವುಲಿನ್ ಮತ್ತು ಕಾಲ್ ಈಲಾ ಇದ್ದವು. ಕಾಲ್ ಈಲಾವನ್ನು 1974ರಲ್ಲಿ ಆರು ಹಂಡೆಗಳೊಡನೆ ಹೊಸದಾಗಿ ಕಟ್ಟಲಾಗಿತ್ತು. ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿದ ಬ್ಲೆಂಡ್‌ಗಳಿಗೆ ಬೇಕಾದ ಪೀಟ್ ಹೊಗೆಯ ಮಾಲ್ಟ್ ಅಲ್ಲಿಂದಲೇ ಸಾಕಷ್ಟು ಬರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪೋರ್ಟ್ ಎಲೆನ್ ತಯಾರಾಗುತ್ತಿದ್ದುದೇ ಮುಖ್ಯವಾಗಿ ಬ್ಲೆಂಡ್‌ಗಳಿಗಾಗಿ. ಅದರ ಬಹುಪಾಲು ಅವುಗಳಲ್ಲೇ ಬೆರೆತುಹೋಯಿತು. ಮೂವತ್ತು ವರ್ಷ ಕಾಯಿಸೋಣವೆಂದು ಯಾರೂ ಲೆಕ್ಕ ಹಾಕಿ ತುಂಬಿಟ್ಟ ಪೀಪಾಯಿಗಳಲ್ಲ ಅವು. ಕಂಪನಿಯ ಗೋದಾಮಿನಲ್ಲೂ ಸ್ವತಂತ್ರ ಬಾಟ್ಲಿಂಗ್ ಸಂಸ್ಥೆಗಳಲ್ಲೂ ಉಳಿದದ್ದು ಆಕಸ್ಮಿಕವಾಗಿ ಉಳಿದದ್ದು. 2001ರಲ್ಲಿ ಡಿಸ್ಟಿಲರ್ಸ್ ಕಂಪನಿಯ ಉತ್ತರಾಧಿಕಾರಿ ಡಿಯಾಜಿಯೊ ವಾರ್ಷಿಕ ಬಿಡುಗಡೆ ಆರಂಭಿಸಿದಾಗ ಬಾಟಲಿಯ ಬೆಲೆ ನೂರು ಪೌಂಡಿನ ಆಸುಪಾಸು. 2017ರ ಬಿಡುಗಡೆಯಲ್ಲಿ 3,250 ಪೌಂಡ್. ಈ ಏರಿಕೆ ನಿಜ. ಆದರೆ ಅದು ಬಾಟಲಿಯ ಬೆಲೆ, ಪೀಪಾಯಿಯದಲ್ಲ. ಮೇಲಾಗಿ ಎರಡೂ ಒಂದೇ ಸರಕಲ್ಲ: ಮೊದಲನೆಯದು 22 ವರ್ಷದ್ದು, ಎರಡನೆಯದು 37 ವರ್ಷದ್ದು. ಇಂದು ಹೊಸ ಡಿಸ್ಟಿಲರಿಯೊಂದರ ಪೀಪಾಯಿ ಕೊಳ್ಳುವವರ ಲಾಭವನ್ನು ಇದರಿಂದ ಅಂದಾಜಿಸಲಾಗದು.

ಬಾಟಲಿಯಲ್ಲಿ ಮುಚ್ಚಿಟ್ಟ ವಿಸ್ಕಿ ಇದ್ದ ಹಾಗೇ ಇರುತ್ತದೆ, ಪೀಪಾಯಿಯಲ್ಲಿದ್ದದ್ದು ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ನಷ್ಟ ವರ್ಷಕ್ಕೆ ಸುಮಾರು ಶೇ. 2. 250 ಲೀಟರಿನ ಪೀಪಾಯಿಯಾದ ಹಾಗ್ಸ್‌ಹೆಡ್‌ನಲ್ಲಿ ಮೂವತ್ತು ವರ್ಷಕ್ಕೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. (ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಬಿಸಿಲಿನಿಂದಾಗಿ ಈ ನಷ್ಟ ವರ್ಷಕ್ಕೆ ಶೇ. 10ನ್ನೂ ದಾಟುತ್ತದೆ, ಅಲ್ಲಿ ಮೂವತ್ತು ವರ್ಷದ ಪೀಪಾಯಿಯ ಮಾತೇ ಬರುವುದಿಲ್ಲ.) ಮದ್ಯಸಾರದ ಪ್ರಮಾಣವೂ ಇಳಿಯುತ್ತ ಹೋಗಿ ಶೇ. 40ಕ್ಕಿಂತ ಕೆಳಗಾದರೆ, ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಅದನ್ನು ಸ್ಕಾಚ್ ವಿಸ್ಕಿ ಎಂದು ಮಾರುವಂತಿಲ್ಲ. ಆದ್ದರಿಂದ ಹಳೆಯ ಪೀಪಾಯಿಯ ಬೆಲೆ ಹೇಳುವ ಮುನ್ನ ಇತ್ತೀಚಿನ ಮರು ಅಳತೆಯ ಪತ್ರ ಕೇಳಲೇಬೇಕು. ತುಂಬಿದ ದಿನದ ಲೀಟರ್ ಲೆಕ್ಕ ಸಾಲದು.

ಒಡೆತನದ ಪ್ರಶ್ನೆ ಇನ್ನೂ ಸೂಕ್ಷ್ಮ. ಪೀಪಾಯಿ ಇರುವುದು ಸುಂಕ ಬಾಕಿಯಿರುವ ಸರಕಿನ ಗೋದಾಮಿನಲ್ಲಿ. ಕೊಂಡವರು ಅದನ್ನು ಮನೆಗೆ ತರುವಂತಿಲ್ಲ. ಮಾರಾಟಗಾರರು ಕೊಡುವ ಅಂದವಾದ ಪ್ರಮಾಣಪತ್ರ ಒಡೆತನಕ್ಕೆ ಸಾಕ್ಷಿಯಲ್ಲ. ಹಿಂದಿನ ಒಡೆಯರು ಸಹಿ ಮಾಡಿದ ಡೆಲಿವರಿ ಆರ್ಡರ್ ಗೋದಾಮಿಗೆ ತಲುಪಿ, ಅಲ್ಲಿನ ದಾಖಲೆಯಲ್ಲಿ ಹೆಸರು ಬದಲಾಗಬೇಕು. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಪ್ರಕರಣಗಳನ್ನು 2025ರಲ್ಲಿ ಬಿಬಿಸಿ ತನಿಖಾ ವರದಿ ಹೊರಗೆಡವಿತು. ನಿವೃತ್ತಿಯ ಹಣ ಸುರಿದವರೂ ಮೋಸಹೋದವರಲ್ಲಿದ್ದರು ಎಂಬುದು ನೋವಿನ ಸಂಗತಿ.

ಪೋರ್ಟ್ ಎಲೆನ್ 2024ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಹೊಸ ಸರಕು ಹಳೆಯ ದಾಸ್ತಾನಿಗೆ ಒಂದು ಹನಿಯನ್ನೂ ಸೇರಿಸದು. ಆದರೆ ಇನ್ನು ಮುಂದೆ ಮಾರಾಟದ ಕಾಗದದಲ್ಲಿ ಈ ಹೆಸರು ಕಂಡಾಗ ತುಂಬಿದ ವರ್ಷ 1983ರವರೆಗಿನದೋ 2024ರಿಂದೀಚಿನದೋ ಎಂದು ನೋಡಬೇಕಾಗುತ್ತದೆ.