ಒಂದು ಮ್ಯಾನ್ ಪುಟಕ್ಕೆ ಎಷ್ಟು ಜನ ನೆಂಟರು?

ಮೊನ್ನೆ ನಾನು ಬರೆದ ಒಂದು ಪುಟ್ಟ ಪ್ರೋಗ್ರಾಮಿಗೆ ಮ್ಯಾನ್ ಪುಟ ಬೇಕಾಯ್ತು. ಅದೇ, ಟರ್ಮಿನಲ್‌ನಲ್ಲಿ 'ಮ್ಯಾನ್' ಅಂತ ಟೈಪಿಸಿ ಹೆಸರು ಕೊಟ್ಟರೆ ತೆರೆದುಕೊಳ್ಳುವ ಕೈಪಿಡಿ. ಆಸ್ಕಿಡಾಕ್‌ನಲ್ಲಿ ಬರೆಯೋಣ ಅಂತ ಇನ್‌ಸ್ಟಾಲ್ ಮಾಡಲು ಹೊರಟರೆ ಪೈಥಾನ್, ಡಾಕ್‌ಬುಕ್ ಸ್ಟೈಲ್‌ಶೀಟು, ಎಕ್ಸ್‌ಎಂಎಲ್ ಸರಂಜಾಮು... ಒಬ್ಬರನ್ನು ಊಟಕ್ಕೆ ಕರೆದರೆ ದಿಬ್ಬಣವೇ ಬಂದ ಹಾಗೆ! ಎರಡು ಪುಟಕ್ಕೆ ಇಷ್ಟೆಲ್ಲ ಯಾಕೆ ಅಂತ ಹಳೇ ಕಥೆ ಕೆದಕಿದೆ.

1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಜರ್ 'ರನಾಫ್' ಬರೆದರು. ಚುಕ್ಕಿಯಿಂದ ಶುರುವಾದ ಸಾಲು ಆದೇಶ, ಉಳಿದದ್ದು ಪಠ್ಯ. ಅಷ್ಟೇ. ಅದರ ವಂಶದ 'ರಾಫ್' ಬೆಲ್ ಲ್ಯಾಬ್ಸ್‌ಗೆ ಬಂತು. ಪಠ್ಯ ಸಿದ್ಧಪಡಿಸುವ ವ್ಯವಸ್ಥೆ ಕಟ್ಟಿಕೊಡ್ತೀವಿ ಅಂತ ಹೇಳಿಯೇ ಅಲ್ಲಿನ ಯುನಿಕ್ಸ್ ತಂಡ ಪಿಡಿಪಿ-11 ಯಂತ್ರ ಗಿಟ್ಟಿಸಿಕೊಂಡದ್ದು. ಮೊದಲ ಗಿರಾಕಿ ಪೇಟೆಂಟ್ ವಿಭಾಗ! 1971ರ ನವೆಂಬರ್ 3ರಂದು ಮೊದಲ ಯುನಿಕ್ಸ್ ಕೈಪಿಡಿ ಬಂತು. ಮುಂದೆ ಜೋ ಒಸಾನ್ನಾ 'ಟಿ-ರಾಫ್' ಬರೆದರು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಮ್ಯಾನ್ ಮ್ಯಾಕ್ರೋಗಳು ಬಂದವು. 1990ರಲ್ಲಿ ಜೇಮ್ಸ್ ಕ್ಲಾರ್ಕ್ ಸಿ++ನಲ್ಲಿ 'ಜಿ-ರಾಫ್' ಕೊಟ್ಟರು (ಜಿರಾಫೆಯಲ್ಲ :-)).

ಚುಕ್ಕಿ ಆದೇಶಗಳು ಬರೆಯುವವರಿಗೆ ಕಿರಿಕಿರಿ. ಹಾಗಾಗಿ 2002ರಲ್ಲಿ ಸ್ಟುವರ್ಟ್ ರಾಕ್‌ಹ್ಯಾಮ್ ತಂದ ಆಸ್ಕಿಡಾಕ್ ಇಷ್ಟವಾಯ್ತು. ಆದರೆ ಅದು ಮೊದಲು ಡಾಕ್‌ಬುಕ್ ಆಗಿ, ಅಲ್ಲಿಂದ ರಾಫ್ ಆಗಬೇಕು. ಸುತ್ತಿ ಬಳಸಿ ಸೇರೋದು 1979ರ ಮನೆಗೇ! 2020ರ ಜನವರಿ 1ಕ್ಕೆ ಪೈಥಾನ್ 2ರ ಕಾಲ ಮುಗಿದಾಗ, ಮೂಲ ಆಸ್ಕಿಡಾಕನ್ನು ಪೈಥಾನ್ 3ಕ್ಕೆ ಹೊಂದಿಸಬೇಕಾಯ್ತು.

ನೆಂಟರಲ್ಲಿ ಒಬ್ಬರು ಕೈಕೊಟ್ಟರೂ ಪುಟ ತಯಾರಾಗೋದಿಲ್ಲ. ಆಗ ಪ್ಯಾಕೇಜ್ ಮಾಡುವವರು ಕೈಪಿಡಿ ಬಿಟ್ಟು ಪ್ರೋಗ್ರಾಮ್ ಮಾತ್ರ ಕಳಿಸಿಬಿಡಬಹುದು. ನೆಟ್ ಇಲ್ಲದ ಸರ್ವರ್ ಮುಂದೆ ಅರ್ಧರಾತ್ರಿ ಕೂತವನಿಗೆ ಗತಿ ಯಾರು?

ಇದನ್ನು ಕಂಡವರು ಹಿಂದಕ್ಕೆ ಹೆಜ್ಜೆ ಇಟ್ಟಿದ್ದಾರೆ. 2008ರಲ್ಲಿ ಕ್ರಿಸ್ಟಾಪ್ಸ್ ಜೊನ್ಸನ್ಸ್ ಸಿ ಭಾಷೆಯಲ್ಲಿ ಮ್ಯಾಂಡಾಕ್ ಶುರುಮಾಡಿದರು. 2010ರಲ್ಲಿ ಓಪನ್‌ಬಿಎಸ್‌ಡಿ ಜಿ-ರಾಫ್ ಬಿಟ್ಟು ಅದನ್ನು ಹಿಡಿಯಿತು. 2018ರಲ್ಲಿ ಡ್ರೂ ಡೆವಾಲ್ಟ್ ತಂದ ಎಸ್‌ಸಿಡಾಕ್ ಸರಳ ಪಠ್ಯವನ್ನು ನೇರ ರಾಫ್ ಮಾಡುತ್ತೆ. ಕಟ್ಟಲು ಒಂದು ಸಿ ಕಂಪೈಲರ್ ಇದ್ದರೆ ಹೆಚ್ಚುಕಮ್ಮಿ ಸಾಕು.

ನಾನು ಎಸ್‌ಸಿಡಾಕ್ ಆರಿಸಿಕೊಂಡೆ. ಜೊತೆಗೆ ತಯಾರಾದ ರಾಫ್ ಪುಟವನ್ನೂ ಪ್ಯಾಕೇಜಿನಲ್ಲೇ ಇಟ್ಟೆ. ನಾಳೆ ಈ ಉಪಕರಣ ಮರೆಯಾದರೂ ಪುಟ ಉಳಿಯಲಿ ಅಂತ. 1979ರ ಪುಟಗಳು ಇವತ್ತಿಗೂ ತೆರೆದುಕೊಳ್ತವಲ್ಲ... ಅದಕ್ಕಿಂತ ಗ್ಯಾರಂಟಿ ಬೇಕಾ?